ಪಟ್ಟಣದ ಕಾಲುವೆಯೂ ಪೌರರ ಮತವೂ

ಬೆಂಗಳೂರನ್ನು ಕುರಿತು ಮಾತನಾಡುವವರು ಅದರ ಹವೆಯ ಪ್ರಶಂಸೆಯಿಂದ ತೊಡಗುವುದು ವಾಡಿಕೆ. ನಾವು ಅದರ ನೆಲದ ಏರುತಗ್ಗುಗಳಿಂದ ತೊಡಗಬೇಕೆಂದಿದ್ದೇವೆ. ಹವೆಯ ವಿಷಯದಲ್ಲಿ ಪೌರರು ಮಾಡಬಹುದಾದದ್ದು ಸ್ವಲ್ಪ. ನೆಲದ ವಿಷಯದಲ್ಲಿ ಅವರು ಮಾಡಿರುವುದೂ ಮಾಡದೆ ಬಿಟ್ಟಿರುವುದೂ ಬಹಳ. ಈ ಸಂಜೆ ನಮಗೆ ದೊರೆತಿರುವ ಸ್ವಲ್ಪ ಕಾಲವನ್ನು ಪಟ್ಟಣದ ಮಳೆಕಾಲುವೆಗಳ ವಿಚಾರಕ್ಕೆ ವಿನಿಯೋಗಿಸುತ್ತೇವೆಂದರೆ, ಚರಂಡಿಯ ಮಾತನ್ನು ಕೇಳುವುದಕ್ಕೆ ರೇಡಿಯೋ ಬೇಕೆ ಎಂದು ಕೆಲವರು ಮೂಗು ಮುರಿಯಬಹುದು. ಪಟ್ಟಣದ ರಾಜಕೀಯವೆಂಬುದರಲ್ಲಿ ಮುಕ್ಕಾಲು ಪಾಲು ಚರಂಡಿಯ ಮಾತೇ ಎಂದು ಅವರಿಗೆ ವಿಜ್ಞಾಪಿಸಿ ಮುಂದುವರಿಯುತ್ತೇವೆ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಒಂದು ದಿಣ್ಣೆಯ ಮೇಲೆ ಹರಡಿಕೊಂಡಿದೆ. ಹತ್ತಿರದಲ್ಲಿ ಹೇಳಿಕೊಳ್ಳುವಂಥ ದೊಡ್ಡ ನದಿಯಿಲ್ಲ. ದಿಣ್ಣೆಯ ಮೇಲೆ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳನ್ನು ಹಿಡಿದು ಇಳಿಯುತ್ತದೆ. ಪಶ್ಚಿಮದ ಕಡೆ ಬಿದ್ದದ್ದು ವೃಷಭಾವತಿಯಾಗಿ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ ಚಲ್ಲಘಟ್ಟದ ಕಣಿವೆಯಲ್ಲಿಯೂ ಹೆಬ್ಬಾಳದ ಕಣಿವೆಯಲ್ಲಿಯೂ ಇಳಿದದ್ದು ಪೂರ್ವಾಭಿಮುಖವಾಗಿ ಹರಿದು ದಕ್ಷಿಣಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೀದಿಯ ಎರಡು ಕೊನೆಗಳ ನೀರು ಎರಡು ಬೇರೆ ನದಿಗಳ ಪಾಲಾಗುವಂಥ ಸ್ಥಳಗಳು ಈ ಊರಿನಲ್ಲಿ ಉಂಟು.

ನದಿಯಿಲ್ಲದ ಊರಿನವರು ಏನು ಮಾಡಬೇಕೋ ಅದನ್ನು ನಮ್ಮ ಹಿರಿಯರು ಮಾಡಿದರು. ಪ್ರತಿಯೊಂದು ಕಣಿವೆಯಲ್ಲಿಯೂ ಮೇಲಿನಿಂದ ಕೆಳಕ್ಕೆ ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಶ್ರೋತೃಗಳಲ್ಲಿ ಪಟ್ಟಣದಲ್ಲಿಯೇ ಹುಟ್ಟಿ ಬೆಳೆದವರಿಗಾಗಿ ಇದರ ರೀತಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಕೆರೆಗೆ ಮಣ್ಣಿನ ಏರಿಯೊಂದು, ಏರಿಯ ಅಡಿಯಲ್ಲಿ ಗದ್ದೆಗೆ ನೀರು ಬಿಡುವ ತೂಬೊಂದು, ಏರಿಯ ಪಕ್ಕದಲ್ಲಿ ಹೆಚ್ಚಾದ ನೀರು ಹೊರಬೀಳುವ ಕೋಡಿಯೊಂದು. ಕೋಡಿ ಬಿದ್ದ ನೀರು ವ್ಯರ್ಥವಾಗಿ ಹೋಗುವಂತಿರಲಿಲ್ಲ. ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬಬೇಕು. ಆ ಕೆರೆ ತುಂಬಿದ ಮೇಲೆ ಅದರ ಕೋಡಿಯ ನೀರು ಅದಕ್ಕಿಂತ ಕೆಳಗಿನದಕ್ಕೆ. ಹೀಗೆ ಕೆರೆಯಿಂದ ಕೆರೆಗೆ ಹೋಗುವ ದೊಡ್ಡ ಕಾಲುವೆಗೆ ರಾಜಕಾಲುವೆಯೆಂದು ಹೆಸರು. ಇದರ ಮರ್ಮವೇನೆಂದರೆ, ಸರಪಳಿಯಲ್ಲಿ ಯಾವ ಕೊಂಡಿಯೂ ಸ್ವತಂತ್ರವಲ್ಲ. ಮೇಲಿನ ಊರಿನವರು ಕೋಡಿಯನ್ನು ಎತ್ತರಿಸಿಕೊಂಡರೆ ಕೆಳಗಿನವರ ಗದ್ದೆ ಒಣಗುವುದು. ಕೆಳಗಿನವರು ಕಾಲುವೆಯನ್ನು ಮುಚ್ಚಿಕೊಂಡರೆ ಮೇಲಿನವರ ಮನೆಗಳಲ್ಲಿ ನೀರು ನಿಲ್ಲುವುದು.

ಈ ಏರ್ಪಾಡನ್ನು ನಡೆಸುತ್ತಿದ್ದವನು ನೀರುಗಂಟಿ. ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಇಲಿ ಬಿಲ ತೋಡಿದೆ, ಕಾಲುವೆಯಲ್ಲಿ ಎಲ್ಲಿ ಹೂಳು ಕಟ್ಟಿದೆ, ಇವೆಲ್ಲ ಅವನ ಲೆಕ್ಕ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಧಾನ್ಯದ ರೂಪದಲ್ಲಿ ಅವನ ಪಾಲು ಸಲ್ಲುತ್ತಿತ್ತು. ಹಳೆಯ ಕಾಲವನ್ನು ಸ್ವರ್ಗವೆಂದು ವರ್ಣಿಸುವ ಉದ್ದೇಶ ನಮಗಿಲ್ಲ. ಊರಿಗೆಲ್ಲ ನೀರನ್ನು ಹಂಚುತ್ತಿದ್ದ ಆ ಮನುಷ್ಯನಿಗೆ ಅನೇಕ ಹಳ್ಳಿಗಳಲ್ಲಿ ಊರ ಬಾವಿಯ ಕಟ್ಟೆಯನ್ನು ಮೆಟ್ಟುವ ಅಧಿಕಾರವಿರಲಿಲ್ಲವೆಂಬುದನ್ನು ಮರೆತು ಕೆರೆಗಳ ಗುಣಗಾನ ಮಾಡುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ. ಆದರೆ ಆ ಏರ್ಪಾಡಿನಲ್ಲಿ ಒಂದು ಗುಣವಿದ್ದಿತು. ಕಾಲುವೆ ಕಟ್ಟಿಕೊಂಡಿತೆಂದರೆ ಯಾರನ್ನು ಕೇಳಬೇಕೆಂಬುದು ಊರಿನ ಹಸುಳೆಗೂ ತಿಳಿದಿರುತ್ತಿತ್ತು.

ಇಂದು ಆ ಕೆರೆಗಳ ಗತಿಯೇನಾಯಿತೆಂಬುದನ್ನು ಬಹಳ ವಿಸ್ತರಿಸಬೇಕಾದ್ದಿಲ್ಲ. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಉತ್ಸವಕ್ಕಾಗಿ ಮಾತ್ರ ಒಂದು ಸಣ್ಣ ಕೊಳ ಉಳಿದಿದೆ. ಶೂಲೆ ಕೆರೆ ಕಾಲ್ಚೆಂಡಿನ ಮೈದಾನ, ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿಯ ಮೈದಾನ. ಬೆಂಗಳೂರಿನ ಕ್ರೀಡಾಸಕ್ತಿಗೆ ಕೆರೆಗಳು ಸಲ್ಲಿಸಿರುವ ಸೇವೆ ಸಾಮಾನ್ಯವಾದದ್ದಲ್ಲ.

ಇದನ್ನೆಲ್ಲ ದುರುಳರು ಕುಳಿತು ಆಲೋಚಿಸಿ ಮಾಡಿದರೆಂದು ಹೇಳುವುದು ನ್ಯಾಯವಲ್ಲ. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. 1898ರಲ್ಲಿ ಪ್ಲೇಗು ಊರನ್ನು ಹೊಕ್ಕಾಗ, ಶುದ್ಧವಾದ ಗಾಳಿ, ಅಗಲವಾದ ಬೀದಿ, ಕೊಳಾಯಿಯ ನೀರು, ಇವೇ ನಾಗರಿಕತೆಯ ಲಕ್ಷಣಗಳೆಂದು ಜನ ಭಾವಿಸಿದ್ದು ಸಹಜ. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಹಾಗೆ. ನಿಂತ ನೀರು ರೋಗದ ತವರೆಂಬ ಭಯವೂ ಸುಳ್ಳಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿಯ ನೀರೇ ಬಂದಿತು. ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ವಿದ್ಯುಚ್ಛಕ್ತಿಯ ಬಲದಿಂದ ನದಿಯನ್ನು ಹತ್ತಿಸಿ ತಂದ ಆ ಸಾಹಸವನ್ನು ನಾವು ಲಘುವಾಗಿ ಕಾಣೆವು. ಆದರೆ ನೀರು ದೂರದಿಂದ ಬರತೊಡಗಿದಂತೆ ಹತ್ತಿರದ ನೀರು ಯಾರಿಗೂ ಬೇಡವಾಯಿತು. ಕೊಳಾಯಿ ಮನೆಯೊಳಕ್ಕೆ ಬಂದಿತು, ಕೆರೆ ಅನಾಥವಾಯಿತು, ಕೆರೆಗೆ ನೀರು ತರುತ್ತಿದ್ದ ಕಾಲುವೆಗೆ ಬೇರೆ ಕೆಲಸವಿಲ್ಲದೆ ಊರಿನ ಕೊಳೆಯನ್ನು ಹೊರುವ ಕೆಲಸ ಬಿದ್ದಿತು. ಬೆಳ್ಳಂದೂರಿನ ಕೆರೆಯಲ್ಲಿ 2015ರಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರಿದ್ದನ್ನೂ, 2017ರಲ್ಲಿಯೂ 2018ರಲ್ಲಿಯೂ ಕೆರೆಗೆ ಬೆಂಕಿ ಬಿದ್ದದ್ದನ್ನೂ ಶ್ರೋತೃಗಳು ಓದಿಯೇ ಇರುವರು. ನೀರಿಗೆ ಬೆಂಕಿ ಹತ್ತುವುದನ್ನು ನಮ್ಮ ಪೌರಾಣಿಕರು ಬಡಬಾಗ್ನಿಯೆಂಬ ಹೆಸರಿನಿಂದ ಸಮುದ್ರದಲ್ಲಿ ಮಾತ್ರ ಕಲ್ಪಿಸಿದ್ದರು.

ಕೆರೆಯನ್ನು ಮುಚ್ಚಿದರೂ ತಗ್ಗು ತಗ್ಗಾಗಿಯೇ ಇರುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬಿದ್ದ ಮಳೆಗೆ ಬೆಳ್ಳಂದೂರು, ಸರ್ಜಾಪುರದ ರಸ್ತೆಗಳ ಆಸುಪಾಸಿನ ಬಡಾವಣೆಗಳು ಮುಳುಗಿದುವು. ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರುಗಳಲ್ಲಿ ನಿಂತು ಹೊರಗೆ ಬಂದರು. ಅದೇ ದಿನಗಳಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನೆತ್ತುವ ಪಂಪುಮನೆಗೆ ಮಳೆನೀರು ನುಗ್ಗಿದ್ದರಿಂದ ಪಟ್ಟಣದ ಅನೇಕ ಭಾಗಗಳಿಗೆ ಕುಡಿಯುವ ನೀರು ಬರಲಿಲ್ಲ. ಅಂಗಳದಲ್ಲಿ ಸೊಂಟಮಟ್ಟದ ನೀರು, ಕೊಳಾಯಿಯಲ್ಲಿ ತೊಟ್ಟೂ ಇಲ್ಲ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಬೇಸಗೆಯಲ್ಲಿ, ಕೊಳವೆಬಾವಿಗಳು ಬತ್ತಿ, ಹೊರವಲಯದ ಜನ ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ನಿಂತರು. ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಆಜ್ಞೆಯಾಯಿತು. ಹೆಚ್ಚಾಗಿ ಕಷ್ಟಪಟ್ಟವರು ಯಾರೆಂದರೆ, 2007ರಲ್ಲಿ ನಗರದೊಳಕ್ಕೆ ಸೇರಿಸಲ್ಪಟ್ಟ 110 ಹಳ್ಳಿಗಳವರು. ಸೇರಿಸಿಕೊಂಡ ದಿನದಿಂದ ಅವರು ನಗರದ ಪ್ರಜೆಗಳು, ನಗರಕ್ಕೆ ಕಂದಾಯ ತೆರತಕ್ಕವರು. ಅವರಿಗಾಗಿಯೇ ಯೋಚಿಸಿದ ಕಾವೇರಿಯ ಐದನೆಯ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಕಂದಾಯದ ಹಕ್ಕಿಗೂ ನೀರಿನ ಹೊಣೆಗೂ ನಡುವೆ ಹದಿನೇಳು ವರ್ಷಗಳ ಅಂತರ.

ಈಗ ನಾವು ಮುಖ್ಯವಾದ ಮಾತಿಗೆ ಬರುತ್ತೇವೆ. ಗೃಹಸ್ಥನೊಬ್ಬನ ಮನೆಯ ಹಿಂದಿನ ಮಳೆಕಾಲುವೆಯಲ್ಲಿ ಮಲದ ನೀರು ಹರಿದು ನಾರುತ್ತಿದೆಯೆಂದು ಇಟ್ಟುಕೊಳ್ಳೋಣ. ಅವನು ಯಾರನ್ನು ಕೇಳಬೇಕು? ಮಳೆಯ ನೀರಿನ ಕಾಲುವೆ ನಗರಪಾಲಿಕೆಯದು. ಒಳಚರಂಡಿ 1964ರಲ್ಲಿ ಏರ್ಪಟ್ಟ ಜಲಮಂಡಲಿಯದು. ಬಡಾವಣೆಯ ನಕ್ಷೆ, 1976ರಿಂದೀಚೆಗಿನದಾದರೆ, ಬಹುಶಃ ಅಭಿವೃದ್ಧಿ ಪ್ರಾಧಿಕಾರದ್ದು. ಹೊಲವನ್ನು ತುಂಡುಮಾಡಿ ಮಾರಿದ ರೆವಿನ್ಯೂ ಸೈಟಾದರೆ ಯಾರದೂ ಅಲ್ಲ. ಕಾಲುವೆಯ ಅಗಲವೆಷ್ಟೆಂಬುದು ಭೂಮಾಪನದವರ ಹಳೆಯ ಗ್ರಾಮನಕ್ಷೆಯಲ್ಲಿದೆ. ಕಾಲುವೆಯ ಕೆಳಗಿನ ಕೆರೆಯ ಒಡೆತನವಂತೂ ಕಾಲಕಾಲಕ್ಕೆ ಕೈ ಬದಲಾಯಿಸುತ್ತ ಬಂದಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವೆಂಬುದೊಂದನ್ನು ಏರ್ಪಡಿಸಿದರು. ಅನಂತರ 2014ರ ಶಾಸನದಿಂದ ಇನ್ನೊಂದನ್ನು. ಮುಂದೆ ಅದನ್ನೂ ರದ್ದುಗೊಳಿಸಿದರು. ಗೃಹಸ್ಥನು ಪತ್ರವನ್ನು ಬರೆದನೆನ್ನಿ. ಮೊದಲನೆಯ ಕಚೇರಿಯವರು ಕಾಲುವೆ ನಮ್ಮದು, ಅದರೊಳಗೆ ಹರಿಯುವ ಕೊಳೆ ನಮ್ಮದಲ್ಲ ಎನ್ನುವರು. ಎರಡನೆಯವರು ಕೊಳೆ ನಮ್ಮದಾಗಿರಬಹುದು, ಆದರೆ ಅದು ಹರಿಯುತ್ತಿರುವ ಕಾಲುವೆ ನಮ್ಮದಲ್ಲ ಎನ್ನುವರು. ಇಬ್ಬರ ಮಾತಿನಲ್ಲಿಯೂ ಅಸತ್ಯವಿಲ್ಲವೆಂಬುದೇ ಇಲ್ಲಿನ ಕಷ್ಟ. ನೀರುಗಂಟಿಯೊಬ್ಬನ ಕೆಲಸವನ್ನು ಎಂಟು ಕಚೇರಿಗಳಿಗೆ ಹಂಚಿದ್ದೇವೆ. ಕೆಲಸ ಹಂಚಿಹೋಯಿತು, ಹೊಣೆ ನಡುವೆ ಸೋರಿಹೋಯಿತು.

ವರದಿಗಳಿಗೇನೂ ಕೊರತೆಯಿಲ್ಲ. 1985ರಲ್ಲಿ ಲಕ್ಷ್ಮಣ ರಾವ್ ಸಮಿತಿ ಕೆರೆಗಳ ರಕ್ಷಣೆಯನ್ನು ವಿಚಾರಿಸಿತು. ಉಚ್ಚ ನ್ಯಾಯಾಲಯದ ಸೂಚನೆಯಂತೆ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ 2011ರಲ್ಲಿ ವರದಿ ಒಪ್ಪಿಸಿತು. ಅನಂತರ ಕೋಳಿವಾಡರ ಅಧ್ಯಕ್ಷತೆಯ ಸದನಸಮಿತಿ ಒತ್ತುವರಿಗಳ ಲೆಕ್ಕವನ್ನು ಬರೆಯಿತು. ಇವುಗಳಲ್ಲಿ ಬುದ್ಧಿವಂತಿಕೆಯ ಮಾತುಗಳು ಬಹಳ ಇವೆ. ಆದರೆ ವರದಿಯು ಔಷಧದ ಚೀಟಿಯಂತೆ. ಅಂಗಡಿಗೆ ಹೋಗಿ ಔಷಧವನ್ನು ತರಬೇಕಾದ ಮಗನು ಯಾರೆಂಬುದನ್ನು ಅದು ಹೇಳುವುದಿಲ್ಲ.

ಹೊಣೆ ಯಾರದೆಂಬುದು ತಿಳಿಯದಿದ್ದಾಗ ಶಿಕ್ಷೆ ಯಾರಿಗೆ ಬೀಳುತ್ತದೆಂಬುದಕ್ಕೆ 2016ರ ಆಗಸ್ಟ್ ತಿಂಗಳು ಸಾಕ್ಷಿ. ಅದರ ಹಿಂದಿನ ತಿಂಗಳಲ್ಲಿ ಕೋಡಿಚಿಕ್ಕನಹಳ್ಳಿಯ ಕಡೆ ಮಳೆಯಿಂದ ಮನೆಗಳು ಮುಳುಗಿದ್ದುವು. ಸರ್ಕಾರ ಎಚ್ಚತ್ತು, ಹಳೆಯ ಗ್ರಾಮನಕ್ಷೆಗಳನ್ನು ತೆಗೆಸಿ, ರಾಜಕಾಲುವೆಯ ಮೇಲೆ ಇದ್ದುವೆಂದು ಕಂಡ ಮನೆಗಳನ್ನು ಕೆಡವತೊಡಗಿತು. ಕಾಲುವೆಯನ್ನು ಬಿಡಿಸಿಕೊಳ್ಳಬೇಕಾದ್ದು ಅಗತ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಮನೆ ಕಳೆದುಕೊಂಡು ಬೀದಿಯಲ್ಲಿ ನಿಂತವರಲ್ಲಿ ಅನೇಕರ ಕೈಯಲ್ಲಿ ಖಾತೆಯಿತ್ತು, ಕಂದಾಯದ ರಸೀತಿಗಳಿದ್ದುವು, ಮಂಜೂರಾದ ನಕ್ಷೆಯಿತ್ತು, ಬ್ಯಾಂಕಿನವರು ಅದನ್ನೆಲ್ಲ ನೋಡಿ ಕೊಟ್ಟ ಸಾಲದ ಪತ್ರವಿತ್ತು. ಇಷ್ಟು ಕಾಗದಗಳ ಮೇಲೆ ಮೊಹರು ಒತ್ತಿದ ಕೈಗಳಾವುವು? ಜೀವಮಾನದ ಗಳಿಕೆಯನ್ನು ಹಾಕಿ ಮನೆ ಕಟ್ಟಿದ ಗುಮಾಸ್ತನು ಗ್ರಾಮನಕ್ಷೆಯನ್ನು ಓದಬಲ್ಲವನಾಗಿರಬೇಕೆಂದು ನಿರೀಕ್ಷಿಸುವುದೂ, ಅದನ್ನು ಓದುವುದಕ್ಕಾಗಿಯೇ ಸಂಬಳ ಪಡೆಯುವವರನ್ನು ಸುಲಭವಾಗಿ ಮನ್ನಿಸುವುದೂ ನ್ಯಾಯವೆನಿಸುವುದಿಲ್ಲ. ಬಡಾವಣೆಯ ತಳಪಾಯ ತೋಡುತ್ತಿದ್ದ ದಿನವೇ ಕೂಗಿ ತಡೆಯಬಲ್ಲ ಒಬ್ಬನು ಆ ವಾರ್ಡಿನಲ್ಲಿ ಇರಬೇಕಾಗಿತ್ತು. ಹಾಗೆ ಕೂಗದೆ ಸುಮ್ಮನಿದ್ದರೆ ಮುಂದಿನ ಚುನಾವಣೆಯಲ್ಲಿ ಅವನನ್ನು ಕೇಳುವಂತೆಯೂ ಇರಬೇಕಾಗಿತ್ತು.

ಇಲ್ಲಿ ಮತದ ವಿಚಾರ ಬರುತ್ತದೆ. ಬೆಂಗಳೂರಿಗೆ ಪೌರಸಭೆ ಹೊಸದಲ್ಲ. 1862ರಿಂದ ಪೇಟೆಗೊಂದು, ಅನಂತರ ದಂಡಿಗೊಂದು ಮುನಿಸಿಪಾಲಿಟಿಗಳಿದ್ದುವು. 1949ರಲ್ಲಿ ಎರಡನ್ನೂ ಕೂಡಿಸಿ ಕಾರ್ಪೊರೇಷನ್ ಮಾಡಿದರು. 1993ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 74ನೆಯ ತಿದ್ದುಪಡಿ, ಪೌರಸಭೆಗಳ ಅವಧಿ ಐದು ವರ್ಷವೆಂದೂ, ಅವಧಿ ಮುಗಿಯುವುದಕ್ಕೆ ಮುಂಚೆಯೇ ಚುನಾವಣೆ ನಡೆಯತಕ್ಕದ್ದೆಂದೂ ವಿಧಿಸಿತು. ಮಾತಿನಲ್ಲಿ ಸಂದಿಗ್ಧವಿಲ್ಲ. ನಡೆದದ್ದು ಬೇರೆ. 2006ರಲ್ಲಿ ಮುಗಿದ ಸಭೆಗೆ ಬದಲಾಗಿ ಹೊಸ ಸಭೆ ಬಂದದ್ದು 2010ರಲ್ಲಿ. 2015ರಲ್ಲಿ ಆಯ್ಕೆಯಾದ ಸಭೆ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಮೇಲೆ ಐದು ವರ್ಷಗಳು, ಎಂದರೆ ಒಂದು ಸಭೆಯ ಪೂರ್ಣಾಯುಸ್ಸು, ಸಭೆಯಿಲ್ಲದೆ ಕಳೆದುವು. 198 ಇದ್ದ ವಾರ್ಡುಗಳು 243 ಆಗಬೇಕೆಂದರು, ಅದರ ಗಡಿಗಳು ಸರಿಯಿಲ್ಲವೆಂದು ವ್ಯಾಜ್ಯವಾಯಿತು, ಸರ್ಕಾರ ಬದಲಾಯಿತು, 2023ರಲ್ಲಿ 225 ಎಂದರು, ಕೊನೆಗೆ ಪಾಲಿಕೆಯನ್ನೇ ಒಡೆದು 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳನ್ನು ಮಾಡಿ, ಅವುಗಳ ಮೇಲೆ ಮುಖ್ಯಮಂತ್ರಿಗಳು ಅಧ್ಯಕ್ಷರಾಗಿರುವ ಪ್ರಾಧಿಕಾರವೊಂದನ್ನು ಇಟ್ಟರು. ಈ ವಿಳಂಬದಲ್ಲಿ ಪಕ್ಷಭೇದವೇನೂ ಕಾಣುವುದಿಲ್ಲ. ಬೇರೆ ವಿಷಯಗಳಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದವರು ಇದೊಂದರಲ್ಲಿ ಸಹೋದರರಂತೆ ನಡೆದುಕೊಂಡರು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಗರದಲ್ಲಿ ಶಾಸಕರ ಕ್ಷೇತ್ರಗಳು 28. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 84 ಲಕ್ಷ. ಒಬ್ಬ ಶಾಸಕರಿಗೆ ಮೂರು ಲಕ್ಷ ಜನ, 198 ವಾರ್ಡುಗಳಿದ್ದಾಗ ಒಬ್ಬ ಪೌರಸಭಾ ಸದಸ್ಯನಿಗೆ ನಲವತ್ತೆರಡು ಸಾವಿರ ಜನ. ಸದಸ್ಯನಿಲ್ಲದಿದ್ದರೆ ಬೀದಿದೀಪಕ್ಕೂ ಕಲ್ಲುಚಪ್ಪಡಿಗೂ ಶಾಸಕರ ಬಾಗಿಲನ್ನೇ ತಟ್ಟಬೇಕು. ಬಾಗಿಲು ತಟ್ಟುವವರಿರುವುದು ಯಾರಿಗೆ ಬೇಡ? ರಾಜ್ಯಕ್ಕೆ ಶಾಸನಗಳನ್ನು ಮಾಡಬೇಕಾದವರು ಹೀಗೆ ಚಪ್ಪಡಿಯ ಮೇಸ್ತ್ರಿಗಳಾದರು. ಅದರಿಂದ ಶಾಸನಕ್ಕೂ ಚಪ್ಪಡಿಗೂ ಲಾಭವಾದಂತೆ ಕಾಣುವುದಿಲ್ಲ.

ನಮ್ಮ ವಿದ್ಯಾವಂತ ಮಿತ್ರರಲ್ಲಿ ಕೆಲವರು ಹೇಳುವುದುಂಟು: ಸದಸ್ಯರ ಕಚ್ಚಾಟ, ಗುತ್ತಿಗೆದಾರರೊಡನೆ ಅವರ ಸ್ನೇಹ, ಇದೆಲ್ಲಕ್ಕಿಂತ ದಕ್ಷನಾದ ಅಧಿಕಾರಿಯೊಬ್ಬನ ಕೈಗೆ ಊರನ್ನು ಒಪ್ಪಿಸಿ ನೆಮ್ಮದಿಯಾಗಿರುವುದು ಮೇಲಲ್ಲವೆ? ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಪೌರಸಭೆಯ ಕಲಾಪಗಳನ್ನು ಓದಿದವರಾರೂ ಅದನ್ನು ಋಷಿಗಳ ಆಶ್ರಮವೆಂದು ಭಾವಿಸಲಾರರು. ಮೇಯರ ಪದವಿಯನ್ನಂತೂ 1976ರ ಶಾಸನ ಒಂದು ವರ್ಷದ ಆತಿಥ್ಯವನ್ನಾಗಿ ಮಾಡಿತ್ತು. ಕಚೇರಿಯ ದಾರಿ ತಿಳಿಯುವಷ್ಟರಲ್ಲಿ ಹಾರ ತುರಾಯಿಗಳೊಡನೆ ಬೀಳ್ಕೊಡುವ ಕಾಲ ಬರುತ್ತಿತ್ತು. ಆದರೆ ನಾವು ಹೇಳಿದ 2022ರ ಪ್ರವಾಹವೂ 2024ರ ಬರವೂ ಬಂದದ್ದು ಸದಸ್ಯರಿಲ್ಲದೆ ಅಧಿಕಾರಿಗಳೇ ಊರನ್ನಾಳುತ್ತಿದ್ದ ಕಾಲದಲ್ಲಿಯೇ. ಸಭೆಯಿದ್ದಿದ್ದರೆ ಮಳೆ ಕಡಮೆಯಾಗುತ್ತಿತ್ತೆಂದು ಯಾರೂ ಹೇಳರು. ಅಧಿಕಾರಿಗಳಲ್ಲಿ ಹಗಲಿರುಳು ದುಡಿದವರಿದ್ದರು, ಅದೂ ನಿಜ. ಆದರೆ ಅಧಿಕಾರಿಯು ಇಂದು ಇಲ್ಲಿ, ನಾಳೆ ಬೀದರಿನಲ್ಲಿ. ಕಾಲುವೆ ತುಂಬಿದ ಬೀದಿಗೆ ಮತ್ತೆ ಬಂದು ಕೈಮುಗಿದು ನಿಲ್ಲಬೇಕಾದ ಅಗತ್ಯ ಅವನಿಗಿಲ್ಲ. ಸದಸ್ಯನು ಯೋಗ್ಯನಲ್ಲದಿರಬಹುದು, ಆದರೆ ಅವನ ಮನೆ ಅದೇ ಬೀದಿಯ ಕೊನೆಯಲ್ಲಿರುತ್ತದೆ, ಮಳೆ ಬಂದರೆ ಅವನ ಹೊಸ್ತಿಲೂ ನೆನೆಯುತ್ತದೆ.

ಅಯೋಗ್ಯರು ಆಯ್ಕೆಯಾಗುತ್ತಾರೆಂದು ದೂರುವವರು ಆಯ್ಕೆಯ ದಿನ ಎಲ್ಲಿರುತ್ತಾರೆಂಬುದೂ ವಿಚಾರಯೋಗ್ಯ. 2010ರಲ್ಲಿಯೂ 2015ರಲ್ಲಿಯೂ ಮತದಾರರಲ್ಲಿ ನೂರಕ್ಕೆ ಐವತ್ತು ಮಂದಿಯೂ ಮತಗಟ್ಟೆಗೆ ಬರಲಿಲ್ಲ. ಕೊಳೆಗೇರಿಯ ಹೆಂಗಸರು ಕೂಲಿ ಬಿಟ್ಟು ಸಾಲಿನಲ್ಲಿ ನಿಂತಿರುವಾಗ ದೊಡ್ಡ ಬಡಾವಣೆಗಳವರು ರಜೆ ಸಿಕ್ಕಿತೆಂದು ಮಡಿಕೇರಿಗೆ ಹೊರಡುವುದನ್ನು ನಾವು ಬಲ್ಲೆವು. ನಮ್ಮ ತರಗತಿಗಳ ಹುಡುಗರನ್ನು ಕೇಳಿದರೆ ಅಮೆರಿಕೆಯ ಅಧ್ಯಕ್ಷರ ಆಯ್ಕೆಯ ಕ್ರಮವನ್ನು ತಪ್ಪಿಲ್ಲದೆ ಹೇಳುತ್ತಾರೆ. ತಮ್ಮ ವಾರ್ಡಿನ ಹೆಸರನ್ನು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಪಠ್ಯಪುಸ್ತಕದಲ್ಲಿರುವುದನ್ನು ಹೇಳುತ್ತಾರೆ, ಇಲ್ಲದ್ದನ್ನು ಹೇಗೆ ಹೇಳುವರು?

ವಿದ್ಯಾವಂತರು ಸುಮ್ಮನೆ ಕುಳಿತಿಲ್ಲವೆಂದು ಆಕ್ಷೇಪ ಬರಬಹುದು. ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು ಕೆಲವೆಡೆ ಮೆಚ್ಚತಕ್ಕ ಕೆಲಸ ಮಾಡಿವೆ. ಸರ್ಜಾಪುರದ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ 2009ರಿಂದ ಎರಡು ಮೂರು ವರ್ಷಗಳಲ್ಲಿ ಪಾಲಿಕೆಯವರೂ ನಿವಾಸಿಗಳೂ ಕೂಡಿ ದುಡಿದದ್ದರಿಂದ ಮತ್ತೆ ನೀರಿನ ಮುಖವನ್ನು ಕಂಡಿತು, ಹಕ್ಕಿಗಳು ಬಂದುವು. ಇದು ಸಂತೋಷದ ಸಂಗತಿ. ಆದರೂ ನಮ್ಮ ಮನಸ್ಸಿನಲ್ಲಿರುವ ಒಂದು ಸಂಶಯವನ್ನು ಹೇಳಿಬಿಡುತ್ತೇವೆ. ಉದ್ಧಾರವಾದ ಅನೇಕ ಕೆರೆಗಳ ಸುತ್ತಲೂ ಬೇಲಿ, ನಡೆದಾಡುವವರಿಗೆ ದಾರಿ, ಬಾಗಿಲಿಗೆ ಬೀಗ, ತೆರೆಯುವ ಹೊತ್ತು ಮುಚ್ಚುವ ಹೊತ್ತಿನ ಫಲಕ. ಹಿಂದೆ ಅಲ್ಲಿ ದನಗಳಿಗೆ ನೀರು ಕುಡಿಸುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಹುಲ್ಲು ಕೊಯ್ದು ಮಾರುತ್ತಿದ್ದವರು ಬೇಲಿಯ ಹೊರಗೆ. ಸಂಘದ ಸದಸ್ಯತ್ವ ನಿವೇಶನವುಳ್ಳವರಿಗೆ. ಅವರ ಮನೆಗಳಲ್ಲಿ ಪಾತ್ರೆ ತೊಳೆಯುವವರು ಅದೇ ಕಾಲುವೆಯ ಕೆಳದಂಡೆಯಲ್ಲಿ ತಗಡಿನ ಮನೆಗಳಲ್ಲಿದ್ದರೂ ಸಂಘಕ್ಕೆ ಸೇರಿದವರಲ್ಲ. ಮಳೆ ಬಂದಾಗ ಮೊದಲು ಮುಳುಗುವವರು ಅವರು. ಮತದ ಪೆಟ್ಟಿಗೆಯೊಂದೇ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು. ಆದ್ದರಿಂದ ಸಂಘವು ಸಭೆಗೆ ನೆರವಾಗಬಹುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರಿಗೆ 1858ರ ಬೇಸಗೆ ನೆನಪಿರಬಹುದು. ಲಂಡನ್ನಿನ ಕೊಳೆಯೆಲ್ಲ ಥೇಮ್ಸ್ ನದಿಗೆ ಬಿದ್ದು, ಆ ವರ್ಷದ ಸೆಕೆಗೆ ಅದರ ದುರ್ವಾಸನೆ ತಡೆಯಲಾರದಷ್ಟಾಯಿತು. ಪಾರ್ಲಿಮೆಂಟಿನ ಮನೆ ನದಿಯ ದಡದಲ್ಲಿಯೇ ಇದ್ದದ್ದು ಆ ಊರಿನ ಪುಣ್ಯ. ವರ್ಷಗಟ್ಟಲೆ ವಾದಿಸುತ್ತಿದ್ದ ಸದಸ್ಯರು ಮೂಗಿಗೆ ವಸ್ತ್ರ ಹಿಡಿದುಕೊಂಡು ಕೆಲವೇ ದಿನಗಳಲ್ಲಿ ಹಣಕ್ಕೂ ಅಧಿಕಾರಕ್ಕೂ ಏರ್ಪಾಡು ಮಾಡಿದರು; ಬಾಜಲ್ಗೆಟ್ ಎಂಬ ಎಂಜಿನಿಯರು ಊರಿಗೆಲ್ಲ ಒಂದೇ ಯೋಜನೆಯ ಒಳಚರಂಡಿಯನ್ನು ಕಟ್ಟಿದನು. ನಮ್ಮ ವಿಧಾನಸೌಧವಾದರೋ ದಿಣ್ಣೆಯ ಮೇಲೆ ಗಾಳಿಗೆ ಒಡ್ಡಿಕೊಂಡು ನಿಂತಿದೆ. ಬೆಳ್ಳಂದೂರು ದೂರ, ಗಾಳಿಯೂ ಆ ಕಡೆಗೆ ಬೀಸುವುದೇ ಹೆಚ್ಚು.

ಹೊಸದಾಗಿ ಆಗಿರುವ ಐದು ಪಾಲಿಕೆಗಳಿಂದ ಒಳಿತಾಗಬಹುದೆ ಎಂದು ಕೇಳುವವರಿದ್ದಾರೆ. ಚಿಕ್ಕ ಪಾಲಿಕೆ ಜನಕ್ಕೆ ಹತ್ತಿರವಾದೀತು, ಅದು ಅನುಕೂಲವೇ. ಆದರೆ ಈ ಗಡಿಗಳನ್ನು ಎಳೆದವರು ಶಾಸಕರ ಕ್ಷೇತ್ರಗಳನ್ನು ನೋಡಿ ಎಳೆದರೇ ವಿನಾ ನೀರಿನ ಇಳಿಜಾರನ್ನು ನೋಡಿ ಎಳೆದಂತೆ ಕಾಣುವುದಿಲ್ಲ. ಹಳೆಯ ಪೇಟೆಯ ಕಡೆ ಹುಟ್ಟಿ ಶಾಂತಿನಗರ, ಕೋರಮಂಗಲಗಳನ್ನು ಹಾದು ಬೆಳ್ಳಂದೂರಿಗೆ ಹೋಗುವ ರಾಜಕಾಲುವೆ ಒಂದೇ ಪಾಲಿಕೆಯ ಸೀಮೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವುದಿಲ್ಲ. ಮೇಲಿನ ಪಾಲಿಕೆ ತನ್ನ ಕಾಲುವೆಯನ್ನು ಸೊಗಸಾಗಿ ತೊಳೆದು ಕೆಳಗಿನದರ ಮೇಲೆ ಸುರಿದರೆ ಕೇಳುವವರಾರು? ಪ್ರಾಧಿಕಾರವಿದೆಯೆಂದು ಉತ್ತರ ಬಂದೀತು. ಪ್ರಾಧಿಕಾರದ ತಲೆಯಲ್ಲಿ ಮುಖ್ಯಮಂತ್ರಿಗಳಿದ್ದಾರೆ. ರಾಜ್ಯದ ಭಾರವನ್ನೆಲ್ಲ ಹೊತ್ತ ಆ ತಲೆಗೆ ಅಗರದ ಕೋಡಿಯ ಹೂಳೂ ಸೇರಬೇಕೆ?

ನಮ್ಮ ಸಲಹೆ ಎರಡು. ಮೂರು ಕಣಿವೆಗಳಿಗೂ ಒಂದೊಂದು ಕಣಿವೆಯ ಸಮಿತಿಯಿರಲಿ. ಆ ಕಣಿವೆಯಲ್ಲಿ ನೀರನ್ನಿಳಿಸುವ ಎಲ್ಲ ವಾರ್ಡುಗಳ ಆಯ್ಕೆಯಾದ ಸದಸ್ಯರೂ, ಅವರು ಯಾವ ಪಾಲಿಕೆಗೆ ಸೇರಿದವರಾದರೂ, ಅದರಲ್ಲಿ ಕುಳಿತುಕೊಳ್ಳಲಿ. ಮಳೆಕಾಲುವೆ, ಒಳಚರಂಡಿ, ಕೆರೆ ಇವು ಮೂರರ ಎಂಜಿನಿಯರುಗಳೂ ಆ ಸಮಿತಿಗೆ ಉತ್ತರ ಹೇಳಲಿ. ಮೇಲಿನ ವಾರ್ಡಿನವನೂ ಕೆಳಗಿನ ವಾರ್ಡಿನವನೂ ಒಂದೇ ಮೇಜಿನ ಎದುರುಬದುರಾಗಿ ಕುಳಿತರೆ ಮಾತಿನ ಧಾಟಿಯೇ ಬೇರೆಯಾಗುವುದು. ಎರಡನೆಯದು, ವಾರ್ಡು ಸಮಿತಿ. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ಅದು ಇರತಕ್ಕದ್ದೆಂದು ರಾಜ್ಯಾಂಗವೇ ಹೇಳಿದೆ. ನಮ್ಮಲ್ಲಿ ಅದಕ್ಕೆ ಜೀವ ಬರುವುದಕ್ಕೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ಪ್ರತಿ ವರ್ಷವೂ ಮುಂಗಾರಿಗೆ ಮೊದಲು, ಎಂದರೆ ಏಪ್ರಿಲ್ ತಿಂಗಳಿನಲ್ಲಿ, ಆ ಸಮಿತಿ ವಾರ್ಡಿನ ಕಾಲುವೆಯ ಉದ್ದಕ್ಕೂ ಕಾಲುನಡೆಯಲ್ಲಿ ಹೋಗಿ ನೋಡಲಿ. ಎಲ್ಲಿ ಹೂಳಿದೆ, ಎಲ್ಲಿ ಮಲದ ಕೊಳವೆ ಸ್ವಚ್ಛವಾದ ಕಾಲುವೆಗೆ ಬಾಯಿ ಬಿಟ್ಟಿದೆ, ಎಲ್ಲಿ ಹೊಸ ಕಾಂಪೌಂಡು ಗೋಡೆ ಅರ್ಧ ಅಡಿ ಮುಂದೆ ಬಂದಿದೆ ಎಂಬುದನ್ನು ಬರೆದು ವಾರ್ಡಿನ ಕಚೇರಿಯ ಗೋಡೆಗೆ ಅಂಟಿಸಲಿ. ಇದಕ್ಕೆ ಹೊಸ ಶಾಸನವೂ ಬೇಡ, ಹಣವೂ ಬೇಡ. ಕೆಸರಿಗೆ ಅಂಜದ ಪಾದರಕ್ಷೆಗಳಿದ್ದರೆ ಸಾಕು.

ಪಾಲಿಕೆಯ ಚುನಾವಣೆಗೆ ನಿಂತವರು ಕೈಮುಗಿದು ಬಾಗಿಲಿಗೆ ಬಂದಾಗ ಅವರನ್ನು ಒಂದು ಪ್ರಶ್ನೆ ಕೇಳಬಹುದು: ಸ್ವಾಮಿ, ನಮ್ಮ ಬೀದಿಯ ಮಳೆನೀರು ಯಾವ ಕೆರೆಗೆ ಹೋಗುತ್ತದೆ? ಕೇಳುವುದಕ್ಕೆ ಮುಂಚೆ ನಮಗೂ ಉತ್ತರ ತಿಳಿದಿರಬೇಕು. ಒಂದು ಜೋರು ಮಳೆಯ ಸಂಜೆ ಕೊಡೆ ಹಿಡಿದು ಬೀದಿಯ ಕೊನೆಯವರೆಗೆ ನೀರಿನ ಜೊತೆಯಲ್ಲಿ ನಡೆದರೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ಸರ್ಕಾರದ ಭೂಮಾಪನ ಇಲಾಖೆಯ ಗ್ರಾಮನಕ್ಷೆಯಿದೆ. ಅದರಲ್ಲಿ ಇಂದಿನ ಬಡಾವಣೆಯ ಹೆಸರಿರುವುದಿಲ್ಲ, ಹಳೆಯ ಹಳ್ಳಿಯ ಹೆಸರಿರುತ್ತದೆ. ಅದನ್ನು ಪಕ್ಕದ ಬೀದಿಯ ಮಾರಮ್ಮನ ಗುಡಿಯ ಹತ್ತಿರ ಕುಳಿತಿರುವ ಮುದುಕರು ಹೇಳಬಲ್ಲರು.